ಫಾತೂರಾ ಬೇಡ ಎಂದವರು ನಾವೇ

ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ ನಾಲ್ಕು ಮಂದಿ ಕನ್ನಡಿಗರು ಸೇರಿದರೆ ಮಾತು ಮೊದಲು ಊರಿನ ಮಳೆಗೆ ಹೋಗುತ್ತದೆ, ಆಮೇಲೆ ಮಂಗಳೂರು ವಿಮಾನದ ಟಿಕೆಟ್ ದರಕ್ಕೆ, ಮೂರನೆಯದಾಗಿ ಗ್ಯಾರೇಜಿಗೆ. ಶುಕ್ರವಾರದ ಊಟ ಮುಗಿದು ಚಹಾ ಬರುವ ಹೊತ್ತಿಗೆ ಎಲ್ಲರ ಬಳಿಯೂ ಒಂದೊಂದು ಕಥೆ ಸಿದ್ಧವಿರುತ್ತದೆ. ಒಬ್ಬನಿಗೆ ಗೇರ್‌ಬಾಕ್ಸ್ ಬದಲಿಸುತ್ತೇನೆಂದು ಹೇಳಿ ಆಯಿಲ್ ಮಾತ್ರ ಬದಲಿಸಿದ್ದರು. ಇನ್ನೊಬ್ಬನ ಹೊಸ ಬ್ಯಾಟರಿ ಗ್ಯಾರೇಜಿನಿಂದ ಹೊರಬರುವಾಗ ಹಳೆಯದಾಗಿತ್ತು. ಮತ್ತೊಬ್ಬನ ಹೆಂಡತಿ ಒಬ್ಬಳೇ ಹೋದದ್ದಕ್ಕೆ ಬ್ರೇಕ್ ಪ್ಯಾಡಿನ ರೇಟು ದುಪ್ಪಟ್ಟಾಗಿತ್ತು. 2018ರ ಜೂನ್ 24ರಂದು ಈ ದೇಶದಲ್ಲಿ ಹೆಂಗಸರು ಸ್ಟೇರಿಂಗ್ ಹಿಡಿದ ಮೇಲೆ ಹುಟ್ಟಿಕೊಂಡ ಹೊಸ ಅಧ್ಯಾಯ ಇದು. ಎಲ್ಲ ಕಥೆಗಳೂ ಮುಗಿಯುವುದು ಒಂದೇ ವಾಕ್ಯದಲ್ಲಿ: "ಕಳ್ಳರು ಮಾರಾಯ್ರೆ, ಎಲ್ಲ ಕಳ್ಳರು."

ಕಳೆದ ಬಾರಿ ಇಂಥದೇ ಒಂದು ಕೂಟದಲ್ಲಿ ನಾನೊಂದು ಪ್ರಶ್ನೆ ಕೇಳಿದೆ. "ಇಷ್ಟು ಮಂದಿಯಲ್ಲಿ ಆ ರಿಪೇರಿಯ ಬಿಲ್ ಯಾರ ಹತ್ತಿರ ಇದೆ?" ಚಹಾ ಹೀರುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬರ ಬಳಿಯೂ ಇರಲಿಲ್ಲ. ಕೊನೆಗೆ ಒಬ್ಬರು ನಕ್ಕು ಹೇಳಿದರು: "ಬಿಲ್ ಯಾಕೆ ಮಾರಾಯ್ರೆ? ಬಿಲ್ ಬೇಡ ಅಂದದ್ದಕ್ಕೇ ಅಲ್ವಾ ಕಡಿಮೆಗೆ ಆದದ್ದು."

ಈ ಲೇಖನ ಆ ವಾಕ್ಯದ ವಿರುದ್ಧ. ಮೆಕ್ಯಾನಿಕ್‌ಗಳ ಪರವಾಗಿ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ. ನನ್ನನ್ನೂ ಅವರು ಬೋಳಿಸಿದ್ದಾರೆ. ಆದರೆ ತಲೆ ಒಡ್ಡಿದ್ದು ನಾನೇ ಎಂಬುದನ್ನು ಒಪ್ಪಿಕೊಳ್ಳದೆ ಬೋಳಿಸಿದವನನ್ನು ಬೈಯುವುದರಲ್ಲಿ ಅರ್ಥವಿಲ್ಲ.

ನನ್ನ ಕಥೆ ಹೀಗಿದೆ. ಜುಲೈ ತಿಂಗಳು. ನನ್ನ ಹಳೆಯ ಕ್ಯಾಮ್ರಿಯ ಏಸಿ ಬಿಸಿಗಾಳಿ ಉಗುಳತೊಡಗಿತು. ಆ ತಿಂಗಳಲ್ಲಿ ಇಲ್ಲಿ ಏಸಿ ಇಲ್ಲದ ಕಾರಿಗೂ ರೊಟ್ಟಿಯ ತಂದೂರಿಗೂ ವ್ಯತ್ಯಾಸ ಕಡಿಮೆ. ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. "ಕಂಪ್ರೆಸರ್ ಹೋಗಿದೆ, ನೂರಕ್ಕೆ ನೂರು" ಎಂದರು. ನಮ್ಮ ತಾಲ್ಲೂಕಿನವನೇ ಒಬ್ಬ ಹುಡುಗ ಸನಾಯದಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿಗೆ ಹೋಗಿ ಎಂದೂ ಹೇಳಿದರು. ಸನಾಯ ಎಂದರೆ ಊರ ಹೊರಗಿನ ವರ್ಕ್‌ಶಾಪುಗಳ ಬಡಾವಣೆ. ದಮಾಮಿಗೆ ಖುದರಿಯಾ, ಖೋಬರಿಗೆ ತುಕ್ಬಾ, ರಿಯಾದಿಗೆ ಹಳೆಯ ಸನಾಯ ಇದ್ದ ಹಾಗೆ ಪ್ರತಿ ಊರಿಗೂ ಇಂಥದೊಂದು ಇದೆ. ಹೋದೆ. ಹುಡುಗ ತುಂಬ ಒಳ್ಳೆಯವನಂತೆ ಕಂಡ. ಊರಿನ ಜಾತ್ರೆ, ಊರಿನ ಬಸ್ಸು, ಅವನ ಅಕ್ಕನ ಮದುವೆ ಎಲ್ಲ ಮಾತಾಡಿದೆವು. "ಕಂಪ್ರೆಸರ್ ಹೋಗಿದೆ ಅಂತ ಕಾಣ್ತದೆ" ಎಂದು ನಾನೇ ಹೇಳಿದೆ. "ಹೌದು ಸರ್, ಅದೇ" ಎಂದ. ಬಾನೆಟ್ ಇನ್ನೂ ತೆರೆದಿರಲಿಲ್ಲ.

ಒರಿಜಿನಲ್ ಕಂಪ್ರೆಸರ್, ಕೂಲಿ, ಗ್ಯಾಸ್ ಎಲ್ಲ ಸೇರಿ 1,400 ರಿಯಾಲ್ ಎಂದ. ಬಿಲ್ ಬೇಕಾದರೆ ಶೇಕಡಾ 15 ವ್ಯಾಟ್, ಅಂದರೆ 210 ರಿಯಾಲ್ ಹೆಚ್ಚು. ನಾನು ನಗುತ್ತಾ ಹೇಳಿದೆ: "ನಮ್ಮೊಳಗೆ ಬಿಲ್ ಯಾಕಪ್ಪ?" ಕಾರ್ಡ್ ತೆಗೆದರೆ "ಶಬಕಾ ಇಲ್ಲ ಸರ್, ಕ್ಯಾಶೇ ಕೊಡಿ" ಎಂದ. ನೆಟ್‌ವರ್ಕ್ ಇಲ್ಲ ಎಂಬುದಕ್ಕೆ ಇಲ್ಲಿ ಎಲ್ಲ ಭಾಷೆಯವರೂ ಆಡುವ ಮಾತು ಅದು. ಎದುರಿನ ಎಟಿಎಮ್ಮಿಗೆ ಹೋಗಿ ಹಣ ತಂದುಕೊಟ್ಟೆ. 210 ರಿಯಾಲ್ ಉಳಿಸಿದ ಹೆಮ್ಮೆಯಲ್ಲಿ ಮನೆಗೆ ಬಂದೆ.

ಮುಂದಿನ ಎರಡು ವಾರ ನನಗೆ ರಾತ್ರಿ ಪಾಳಿ. ಹೆದ್ದಾರಿಯಲ್ಲಿ ಕಾರು ಓಡುವಾಗ ಏಸಿ ಚೆನ್ನಾಗಿಯೇ ಇತ್ತು. ಹಗಲು ಪಾಳಿ ಶುರುವಾದ ಮೊದಲ ದಿನ ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಮತ್ತೆ ಬಿಸಿಗಾಳಿ. ಹುಡುಗನಿಗೆ ಫೋನ್ ಮಾಡಿದರೆ "ಬುಕ್ರಾ" ಎಂದ. ಬುಕ್ರಾ ಎಂದರೆ ನಾಳೆ. ಈ ದೇಶದ ನಾಳೆ ಯಾವಾಗ ಬರುತ್ತದೆಂದು ಬಲ್ಲವರು ಕಡಿಮೆ. ಕೊನೆಗೆ ಬೇರೊಂದು ಬೀದಿಯಲ್ಲಿ ಏಸಿ ಕೆಲಸವನ್ನಷ್ಟೇ ಮಾಡುವ ಒಬ್ಬ ವಯಸ್ಸಾದ ಪಾಕಿಸ್ತಾನಿ ಮೇಸ್ತ್ರಿಯ ಬಳಿ ಹೋದೆ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಓಡುವಾಗ ತಂಪು, ನಿಂತಾಗ ಬಿಸಿಯೋ?" ಹೌದೆಂದೆ. ಇಂಜಿನ್ ಚಾಲೂ ಮಾಡಿಸಿ, ರೇಡಿಯೇಟರ್ ಮುಂದಿನ ಕಂಡೆನ್ಸರಿನ ಫ್ಯಾನ್ ತೋರಿಸಿದರು. ಅದು ತಿರುಗುತ್ತಿರಲಿಲ್ಲ. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ, ನಿಂತಾಗ ಫ್ಯಾನ್ ಬೇಕು. ಮೋಟರಿಗೆ 150 ರಿಯಾಲ್, ಕೂಲಿ 50. ಆಮೇಲೆ ಕೆಳಗೆ ಬಗ್ಗಿ ಟಾರ್ಚ್ ಹಿಡಿದು ನನ್ನ "ಒರಿಜಿನಲ್" ಕಂಪ್ರೆಸರ್ ತೋರಿಸಿದರು. ಅದರ ಮೈಮೇಲೆ ಹಳದಿ ಪೇಂಟ್ ಮಾರ್ಕರಿನಲ್ಲಿ ಒಂದು ಸಂಖ್ಯೆ. ತಷ್ಲೀಹ್‌ನಲ್ಲಿ, ಅಂದರೆ ಹಳೆ ಕಾರುಗಳನ್ನು ಬಿಚ್ಚಿ ಮಾರುವ ಗುಜರಿ ಅಂಗಳದಲ್ಲಿ, ಬಿಡಿಭಾಗಗಳ ಮೇಲೆ ಹಾಕುವ ಗುರುತು ಅದು.

ಕೆಟ್ಟಿರದ ನನ್ನ ಕಂಪ್ರೆಸರನ್ನು ತೆಗೆದು ಗುಜರಿಯ ಕಂಪ್ರೆಸರ್ ಹಾಕಿಸಿಕೊಂಡು 1,400 ರಿಯಾಲ್ ಕೊಟ್ಟಿದ್ದೆ. ನನ್ನದು ಈಗ ಯಾರ ಕಾರಿನಲ್ಲಿದೆಯೋ, ಯಾವ ದರಕ್ಕೆ ಹೋಯಿತೋ. ವಾಣಿಜ್ಯ ಸಚಿವಾಲಯದ 1900ಕ್ಕೆ ಫೋನ್ ಮಾಡೋಣವೆಂದು ಕೂತೆ. ದೂರು ಕೊಡುವ ಆ್ಯಪೂ ಇದೆ. ಅಂಗಡಿಯ ಹೆಸರೇನು, ಬಿಲ್ ಎಲ್ಲಿ ಎಂಬಲ್ಲಿಗೆ ಬಂದು ನಿಂತೆ. ನನ್ನ ಕೈಯಲ್ಲಿ ಇದ್ದದ್ದು ಎಟಿಎಮ್ಮಿನ ಚೀಟಿ ಮಾತ್ರ. ನಾನು ನನ್ನದೇ ಹಣ ತೆಗೆದೆ ಎಂಬುದಕ್ಕಷ್ಟೇ ಅದು ಸಾಕ್ಷಿ.

ಇಲ್ಲಿ ನಡೆದ ತಪ್ಪುಗಳನ್ನು ಎಣಿಸಿ ನೋಡಿ. ಹುಡುಗ ಮಾಡಿದ್ದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರ ಬಳಿ ಹೋಗಿ ಕಾಯಿಲೆಯ ಲಕ್ಷಣ ಹೇಳುವ ಬದಲು ಮದ್ದಿನ ಹೆಸರು ಹೇಳಿದವನು ನಾನು. ಪರೀಕ್ಷೆ ಮಾಡಿಸದೆ ದರ ಮಾತಾಡಿದವನು ನಾನು. ತೆಗೆದ ಭಾಗವನ್ನು ವಾಪಸು ಕೇಳದವನು ನಾನು. ಬಿಲ್ ಬೇಡವೆಂದವನೂ ನಾನು. ಅವನು ಮಾಡಿದ್ದು ಒಂದು ತಪ್ಪಾದರೆ ನಾನು ಅವನಿಗೆ ತೆರೆದುಕೊಟ್ಟದ್ದು ನಾಲ್ಕು ಬಾಗಿಲು.

ರಿಪೇರಿಯ ವ್ಯಾಪಾರದ ಸ್ವಭಾವವೇ ಹೀಗೆ. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ಕೆಲವು ಸರಕುಗಳ ಗುಣ ಕೊಳ್ಳುವ ಮೊದಲೇ ತಿಳಿಯುತ್ತದೆ, ಕೆಲವದ್ದು ಬಳಸಿದ ಮೇಲೆ ತಿಳಿಯುತ್ತದೆ, ಇನ್ನು ಕೆಲವದ್ದು ಬಳಸಿದ ಮೇಲೂ ತಿಳಿಯುವುದಿಲ್ಲ, ಕೊಳ್ಳುವವನು ನಂಬಬೇಕಷ್ಟೆ. ಈ ಮೂರನೆಯ ಬಗೆಗೆ ಅವರು ಕೊಟ್ಟ ಉದಾಹರಣೆಗಳಲ್ಲಿ ಕಾರು ರಿಪೇರಿಯೂ ಒಂದು. ಮಾವಿನ ಹಣ್ಣು ಹುಳಿಯಾಗಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ. ನನ್ನ ಕಂಪ್ರೆಸರ್ ನಿಜಕ್ಕೂ ಕೆಟ್ಟಿತ್ತೇ ಎಂದು ತಿಳಿಯಲು ನನಗೆ ದಾರಿಯೇ ಇರಲಿಲ್ಲ. ರೋಗ ಕಂಡುಹಿಡಿಯುವವನೂ ಮದ್ದು ಮಾರುವವನೂ ಒಬ್ಬನೇ ಆದಾಗ ಮೋಸಕ್ಕೆ ಜಾಗ ಹುಟ್ಟುತ್ತದೆ. ಇದರಲ್ಲಿ ದೇಶ, ಭಾಷೆ, ಧರ್ಮ ಯಾವುದೂ ಇಲ್ಲ. 1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯರ್ಸ್ ಎಂಬ ಹೆಸರಾಂತ ಮಳಿಗೆ ಸರಣಿಯ ಕಾರು ರಿಪೇರಿ ಕೇಂದ್ರಗಳಿಗೆ ಸರ್ಕಾರಿ ತನಿಖೆದಾರರು ಗ್ರಾಹಕರ ವೇಷದಲ್ಲಿ ಹೋದರು. ಬೇಡದ ರಿಪೇರಿಗಳನ್ನು ಗ್ರಾಹಕರ ತಲೆಗೆ ಕಟ್ಟುತ್ತಿದ್ದಾರೆಂಬ ಆರೋಪ ಹೊರಬಿತ್ತು. ಅಲ್ಲಿನ ಸಿಬ್ಬಂದಿಗೆ ಮಾರಾಟದ ಮೇಲೆ ಕಮಿಷನ್ ಇತ್ತು, ಇಷ್ಟು ಮಾರಲೇಬೇಕೆಂಬ ಗುರಿಯಿತ್ತು. ಗಲಾಟೆ ಎದ್ದ ಮೇಲೆ ಕಂಪನಿ ಆ ಕಮಿಷನ್ ಪದ್ಧತಿಯನ್ನು ಕೈಬಿಟ್ಟಿತು. ಟೈ ಕಟ್ಟಿದ ಅಮೆರಿಕನ್ನರು ಮಾಡಿದ್ದನ್ನೇ ಗ್ರೀಸ್ ಮೆತ್ತಿದ ನಮ್ಮ ಹುಡುಗ ಮಾಡಿದ.

ಆ ಹುಡುಗನ ಸ್ಥಿತಿಯನ್ನೂ ನೋಡಬೇಕು. ಇಲ್ಲಿನ ಎಷ್ಟೋ ಸಣ್ಣ ವರ್ಕ್‌ಶಾಪುಗಳು ಕಾಗದದಲ್ಲಿ ಒಬ್ಬರ ಹೆಸರಿನಲ್ಲಿದ್ದು, ನಡೆಸುವವನು ಬೇರೆಯೇ ಆಗಿರುತ್ತಾನೆ. ಹೆಸರು ಕೊಟ್ಟವರಿಗೆ ತಿಂಗಳು ತಿಂಗಳು ಹಣ, ಜಾಗಕ್ಕೆ ಬಾಡಿಗೆ, ಕೆಲಸಗಾರರ ಇಕಾಮಾ ನವೀಕರಣದ ಖರ್ಚು. ಇದಕ್ಕೆ ಅರಬ್ಬಿಯಲ್ಲಿ ತಸತ್ತುರ್ ಎನ್ನುತ್ತಾರೆ, ಮುಸುಕು ಹಾಕಿದ ವ್ಯಾಪಾರ. 2020ರಲ್ಲಿ ಇದರ ವಿರುದ್ಧ ಬಂದ ಹೊಸ ಕಾನೂನಿನಲ್ಲಿ 5 ವರ್ಷಗಳವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ ಇದೆ. ಇಂಥ ಮುಸುಕಿನ ಅಂಗಡಿಯಲ್ಲಿ ಹುಡುಗನಿಗೆ ಸಂಬಳ ಅಲ್ಪ, ಕಮಿಷನ್ನೇ ಬದುಕು. ಫ್ಯಾನ್ ಮೋಟರ್ ಬದಲಿಸಿದರೆ ಅವನಿಗೆ ಇಪ್ಪತ್ತು ರಿಯಾಲ್ ಸಿಕ್ಕೀತು, ಕಂಪ್ರೆಸರ್ ಬದಲಿಸಿದರೆ ಇನ್ನೂರು. ಊರಿನಲ್ಲಿ ಅಕ್ಕನ ಮದುವೆಯ ಸಾಲ ಇದೆ ಎಂದು ಅವನೇ ಹೇಳಿದ್ದ.

"ಹಾಗಿದ್ದರೆ ಪಾಪದವನು, ಬಿಟ್ಟುಬಿಡಿ" ಎನ್ನುತ್ತಾರೆ ನಮ್ಮವರು. ಇದು ನಮ್ಮ ಎರಡನೆಯ ತಪ್ಪು. ಬಿಲ್ ಕೇಳಿದರೆ ಹುಡುಗನಿಗೆ ತೊಂದರೆ ಎಂದು ನಾವು ತಿಳಿದಿದ್ದೇವೆ. ವಾಸ್ತವ ತಿರುಗುಮುರುಗು. ಬಿಲ್ಲಿನ ಮೇಲೆ ಇರುವುದು ಅಂಗಡಿಯ ಹೆಸರು, ಅಂಗಡಿಯ ತೆರಿಗೆ ಸಂಖ್ಯೆ. ಕೆಲಸ ಕೆಟ್ಟರೆ ಉತ್ತರ ಹೇಳಬೇಕಾದದ್ದು ಅಂಗಡಿ. ಬಿಲ್ ಇಲ್ಲದಾಗ ಉಳಿಯುವುದು ಒಂದು ಮುಖ, ಒಂದು ಫೋನ್ ನಂಬರ್. ಗ್ರಾಹಕ ಸಿಟ್ಟಿನಿಂದ ಬಂದು ಕೊರಳಪಟ್ಟಿ ಹಿಡಿಯುವುದು ಹುಡುಗನದ್ದು. ಮಾಲೀಕ "ನನಗೇನೂ ಗೊತ್ತಿಲ್ಲ, ಇವನೇ ಮಾಡಿದ" ಎಂದು ಕೈ ತೊಳೆದುಕೊಳ್ಳುತ್ತಾನೆ. ಬಿಲ್ ಬೇಡವೆಂದು ನಾವು ಹುಡುಗನಿಗೆ ಉಪಕಾರ ಮಾಡುತ್ತಿಲ್ಲ, ಅವನ ಮಾಲೀಕನಿಗೆ ಮಾಡುತ್ತಿದ್ದೇವೆ.

ಇನ್ನು ಆ ಪ್ರಸಿದ್ಧ ಶೇಕಡಾ 15. ಈ ದೇಶದಲ್ಲಿ ವ್ಯಾಟ್ ಬಂದದ್ದು 2018ರ ಜನವರಿ 1ರಂದು, ಶೇಕಡಾ 5ರ ದರದಲ್ಲಿ. 2020ರ ಜುಲೈ 1ರಿಂದ ಅದು 15 ಆಯಿತು. ಕೊರೊನಾ ಕಾಲದಲ್ಲಿ ಸಂಬಳ ಕಡಿತವಾಗಿದ್ದವರಿಗೆ ಇದು ಗಾಯದ ಮೇಲೆ ಬರೆ. ಸಂಸಾರದ ಪ್ರತಿ ತಲೆಗೆ ತಿಂಗಳಿಗೆ ಕಟ್ಟಬೇಕಾದ ಲೆವಿ ಕೂಡ 2017ರಲ್ಲಿ 100 ರಿಯಾಲ್ ಇದ್ದದ್ದು ವರ್ಷಕ್ಕೆ ನೂರರಂತೆ ಏರಿ ಅದೇ 2020ರ ಜುಲೈಯಲ್ಲಿ 400 ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಒಂಟಿಯಾಗಿ ಉಳಿದವರ ಕಷ್ಟ ನನಗೆ ಗೊತ್ತು. 210 ರಿಯಾಲ್ ಉಳಿದರೆ ಉಳಿಯಲಿ ಎಂಬ ಆಸೆ ಎಲ್ಲಿಂದ ಬಂತೆಂಬುದೂ ಗೊತ್ತು.

ಆದರೆ ಲೆಕ್ಕ ಸರಿಯಾಗಿ ಮಾಡಿ. ವರ್ಷಕ್ಕೆ 3,75,000 ರಿಯಾಲ್‌ಗಿಂತ ಕಡಿಮೆ ವಹಿವಾಟಿನ ಅಂಗಡಿ ವ್ಯಾಟ್‌ಗೆ ನೋಂದಾಯಿಸಲೇಬೇಕೆಂದಿಲ್ಲ. ನೋಂದಾಯಿಸದ ಅಂಗಡಿಗೆ ವ್ಯಾಟ್ ಕೇಳುವ ಹಕ್ಕೂ ಇಲ್ಲ. ನೋಂದಾಯಿಸಿದ ಅಂಗಡಿ ಆ ಪ್ರಮಾಣಪತ್ರವನ್ನು ಗ್ರಾಹಕರಿಗೆ ಕಾಣುವಂತೆ ತೂಗುಹಾಕಿರಬೇಕು. ಗೋಡೆಯ ಮೇಲೆ ಪತ್ರ ಇಲ್ಲದೆ "ಬಿಲ್ ಬೇಕಾದರೆ 15 ಪರ್ಸೆಂಟ್ ಜಾಸ್ತಿ" ಎನ್ನುವವನು ತೆರಿಗೆಯ ಹೆಸರಿನಲ್ಲಿ ನಿಮ್ಮನ್ನು ಹೆದರಿಸುತ್ತಿದ್ದಾನೆ. ಪತ್ರ ಇರುವವನು 2021ರ ಡಿಸೆಂಬರ್ 4ರಿಂದ ಇಲೆಕ್ಟ್ರಾನಿಕ್ ಬಿಲ್ಲನ್ನೇ ಕೊಡಬೇಕು, ಅದರ ಮೇಲೆ ಕ್ಯೂಆರ್ ಕೋಡ್ ಇರಬೇಕು. ಅದನ್ನು ಸ್ಕ್ಯಾನ್ ಮಾಡಿದರೆ ಅಂಗಡಿಯ ಹೆಸರು, ತೆರಿಗೆ ಸಂಖ್ಯೆ, ತಾರೀಕು, ಮೊತ್ತ ಎಲ್ಲ ಮೊಬೈಲಿನಲ್ಲಿ ಕಾಣುತ್ತದೆ. "ಶಬಕಾ ಇಲ್ಲ" ಎಂಬುದೂ ಹಳೆಯ ನೆಪ. 2020ರ ಆಗಸ್ಟ್ ಕೊನೆಯಿಂದ ಚಿಲ್ಲರೆ ಅಂಗಡಿಗಳೆಲ್ಲ ಕಾರ್ಡ್ ಪಾವತಿಗೆ ವ್ಯವಸ್ಥೆ ಇಟ್ಟಿರಲೇಬೇಕು. ಹಾಗಾಗಿ ಈ 15 ಪರ್ಸೆಂಟನ್ನು ನಾನೀಗ ತೆರಿಗೆ ಎಂದು ನೋಡುವುದಿಲ್ಲ, ನನ್ನ 1,400 ರಿಯಾಲಿಗೆ ಕಟ್ಟುವ ವಿಮೆಯ ಕಂತು ಎಂದು ನೋಡುತ್ತೇನೆ. ಅದನ್ನು ಉಳಿಸಲು ಹೋಗಿ ಅಸಲನ್ನೇ ಕಳೆದುಕೊಂಡವನು ನಾನು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದ ಆಕ್ಷೇಪವೇ. "ವಕಾಲಾದಲ್ಲಿ ಬಿಲ್ ಕೊಡುತ್ತಾರೆ, ಅಲ್ಲೇನು ಸುಲಿಗೆ ಇಲ್ಲವೇ?" ವಕಾಲಾ ಎಂದರೆ ಕಂಪನಿಯ ಅಧಿಕೃತ ಏಜೆನ್ಸಿ. ಇದೆ, ಖಂಡಿತ ಇದೆ. ಅಲ್ಲಿ ಸುಲಿಗೆ ಏಸಿ ಹಾಲಿನಲ್ಲಿ, ಉಚಿತ ಕಾಫಿಯ ಜೊತೆ, ಮುದ್ರಿತ ಬಿಲ್ಲಿನ ಮೇಲೆ ನಡೆಯುತ್ತದೆ. ಇಂಜೆಕ್ಟರ್ ಸ್ವಚ್ಛತೆ, ಇಂಜಿನ್ ಫ್ಲಶ್, ಏಸಿ ಸುಗಂಧ ಎಂದು ಕಾರಿನ ಕೈಪಿಡಿಯಲ್ಲಿ ಎಲ್ಲೂ ಇಲ್ಲದ ಸೇವೆಗಳನ್ನು ಪ್ಯಾಕೇಜಿನಲ್ಲಿ ಸೇರಿಸುತ್ತಾರೆ. ಹೊರಗೆ ಆಯಿಲ್ ಬದಲಿಸಿದರೆ ವಾರಂಟಿ ಹೋಗುತ್ತದೆಂದು ಹೆದರಿಸುತ್ತಾರೆ. ಕಂಪನಿ ಹೇಳಿದ ಗುಣಮಟ್ಟದಲ್ಲಿ ಹೊರಗೆ ಸರ್ವಿಸ್ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದಾಗದೆಂದು ವಾಣಿಜ್ಯ ಸಚಿವಾಲಯವೇ ಹೇಳಿದೆ. ಆದರೆ ಆ ಗುಣಮಟ್ಟದ ಆಯಿಲನ್ನೇ ಹಾಕಿಸಿದಿರೆಂದು ತೋರಿಸುವುದು ಹೇಗೆ? ಮತ್ತೆ ಬಿಲ್ಲಿನಿಂದಲೇ. ಬಿಲ್ ಇದ್ದ ಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ ಎಂಬುದು ನಿಜ. ಬಿಲ್ ಇಲ್ಲದೆ ಜಗಳ ಆಡಲೂ ಸಾಧ್ಯವಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ.

ಹಾಗಾದರೆ ಬಿಲ್ಲಿನ ಜೊತೆ ಇನ್ನೇನು ಬೇಕು? ಡಾರ್ಬಿ, ಕಾರ್ನಿ ಹೇಳಿದ ಜಾಗಕ್ಕೇ ಕೈ ಹಾಕಬೇಕು. ರೋಗ ಹೇಳುವವನನ್ನೂ ಮದ್ದು ಮಾರುವವನನ್ನೂ ಬೇರೆ ಮಾಡಬೇಕು.

ಈ ದೇಶದ ವ್ಯವಸ್ಥೆ ಅಪಘಾತದ ವಿಷಯದಲ್ಲಿ ಇದನ್ನು ಮಾಡಿಯೇ ಬಿಟ್ಟಿದೆ. ಗಾಡಿ ಗುದ್ದಿದರೆ ನಜ್ಮ್ ಬರುತ್ತದೆ, ತಪ್ಪು ಯಾರದೆಂದು ಬರೆಯುತ್ತದೆ. ಹಾನಿಯ ಮೊತ್ತ ಕಟ್ಟುವುದು ತಕ್ದೀರ್ ಎಂಬ ಬೇರೆ ಸಂಸ್ಥೆ. ರಿಪೇರಿ ಮಾಡುವವನು ಮೂರನೆಯವನು, ಅವನೂ ಅಪಘಾತದ ಗಾಡಿಯನ್ನು ರಿಪೇರಿ ಪರವಾನಗಿಯ ಕಾಗದ ನೋಡದೆ ಮುಟ್ಟುವಂತಿಲ್ಲ. ನಮ್ಮ ದಿನನಿತ್ಯದ ರಿಪೇರಿಯಲ್ಲಿ ಮಾತ್ರ ಮೂವರ ಕೆಲಸವನ್ನೂ ಒಬ್ಬನಿಗೇ ಒಪ್ಪಿಸಿ ಕೀ ಕೊಟ್ಟು ಬರುತ್ತೇವೆ.

ನಮ್ಮ ಕೈಯಲ್ಲೇ ಇರುವ ಒಂದು ಅಸ್ತ್ರವನ್ನು ನಾವು ಶಾಪವೆಂದು ತಿಳಿದಿದ್ದೇವೆ, ಅದು ಫಹಸ್. ಹೊಸ ಖಾಸಗಿ ಕಾರಿಗೆ ಮೊದಲ ಮೂರು ವರ್ಷ ವಿನಾಯಿತಿ, ಆಮೇಲೆ ಪ್ರತಿವರ್ಷ ಈ ತಪಾಸಣೆ ಕಡ್ಡಾಯ. ಬ್ರೇಕು, ಸಸ್ಪೆನ್ಷನ್, ಹೊಗೆ, ದೀಪ, ಟೈರು ಎಲ್ಲ ಯಂತ್ರದ ಮೇಲೆ ನೋಡುತ್ತಾರೆ. ಆ ಕೇಂದ್ರದವರು ರಿಪೇರಿ ಮಾಡುವವರಲ್ಲ. ನಿಮ್ಮ ಕಾರಿನ ಬ್ರೇಕ್ ಕೆಟ್ಟಿದೆ ಎಂದು ಹೇಳಿದರೆ ಅವರಿಗೆ ಒಂದು ಹಲಾಲವೂ ಲಾಭವಿಲ್ಲ. ಇದಕ್ಕಿಂತ ನಿಷ್ಪಕ್ಷಪಾತಿಯಾದ ಡಾಕ್ಟರ್ ಎಲ್ಲಿ ಸಿಗುತ್ತಾನೆ? ನಾವು ಮಾಡುವುದೇನು? ಫಹಸಿಗೆ ಮೊದಲೇ ಗ್ಯಾರೇಜಿಗೆ ಹೋಗಿ "ಪಾಸ್ ಮಾಡಿಸಿ ಕೊಡು, ಎಷ್ಟು?" ಎಂದು ಕೇಳುತ್ತೇವೆ. ಅವನು ಕೆಟ್ಟದ್ದು, ಕೆಡದ್ದು ಎಲ್ಲ ಸೇರಿಸಿ ಒಂದು ದೊಡ್ಡ ಮೊತ್ತ ಹೇಳುತ್ತಾನೆ. ಮಾಡಬೇಕಾದದ್ದು ಇದರ ತಲೆಕೆಳಗು. ಮೊದಲು ಫಹಸಿಗೆ ಹೋಗಿ. ಫೇಲಾದರೆ ಆಗಲಿ. ಏನು ಕೆಟ್ಟಿದೆಯೆಂಬ ಪಟ್ಟಿ ಕೈಗೆ ಬರುತ್ತದೆ. ಆ ಪಟ್ಟಿಯಲ್ಲಿ ಇರುವುದನ್ನಷ್ಟೇ ರಿಪೇರಿ ಮಾಡಿಸಿ, ಕಡಿಮೆ ಶುಲ್ಕದಲ್ಲಿ ಮರುತಪಾಸಣೆ ಮಾಡಿಸಿ.

ಇಂಜಿನ್ ಚೆಕ್ ದೀಪ ಉರಿದರೆ ಕೋಡ್ ಓದುವ ಪುಟ್ಟ ಉಪಕರಣ ನೂರು ರಿಯಾಲಿನೊಳಗೆ ಸಿಗುತ್ತದೆ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿಗೆ ಕೋಡ್ ಬರುತ್ತದೆ. ಆದರೆ ಕೋಡ್ ತೀರ್ಪಲ್ಲ, ಸುಳಿವು ಮಾತ್ರ. ಪಿ0420 ಬಂದರೆ ಕೆಟಲಿಟಿಕ್ ಕನ್ವರ್ಟರ್ ಹೋಗಿದೆಯೆಂದು ಹೇಳಿ ಸಾವಿರಾರು ರಿಯಾಲ್ ಕೀಳುವವರಿದ್ದಾರೆ. ಆಕ್ಸಿಜನ್ ಸೆನ್ಸರ್ ಕೆಟ್ಟರೂ ಸೈಲೆನ್ಸರ್ ಪೈಪಿನಲ್ಲಿ ತೂತಾದರೂ ಅದೇ ಕೋಡ್ ಬರಬಹುದು. ಅಲ್ಲದೆ ಹಳೆಯ ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳಿವೆ, ಅದನ್ನು ಕೊಳ್ಳುವ ಗುಜರಿಯವರು ಕಾಯುತ್ತಿರುತ್ತಾರೆ. "ಹಳೆಯದು ಬೇಡ, ಬಿಸಾಕು" ಎಂದರೆ ನೀವು ಎರಡು ಸಲ ದುಡ್ಡು ಕೊಟ್ಟ ಹಾಗೆ. ತೆಗೆದ ಭಾಗವನ್ನು ಕೇಳಿ ಪಡೆಯುವ ಹಕ್ಕನ್ನು ಕ್ಯಾಲಿಫೋರ್ನಿಯಾದ 1971ರ ವಾಹನ ರಿಪೇರಿ ಕಾಯ್ದೆಯಲ್ಲೇ ಬರೆದಿದ್ದಾರೆ, ಮೊದಲೇ ಲಿಖಿತ ಅಂದಾಜು ಕೊಡಬೇಕೆಂಬುದನ್ನೂ. ನಮಗೆ ಕಾಯ್ದೆ ಬೇಕಿಲ್ಲ, ಬಾಯಿ ಇದ್ದರೆ ಸಾಕು. ಕೆಲಸ ಶುರುವಾಗುವ ಮೊದಲೇ "ಹಳೆಯದನ್ನು ಡಿಕ್ಕಿಯಲ್ಲಿ ಇಡಿ" ಎಂದು ಹೇಳಿಬಿಡಿ. ಆ ಒಂದು ಮಾತಿಗೆ ಎಷ್ಟೋ ರೋಗಗಳು ತಾವಾಗಿಯೇ ವಾಸಿಯಾಗುತ್ತವೆ.

ಪ್ರತಿ ಬೇಸಿಗೆಗೆ "ಗ್ಯಾಸ್ ತುಂಬಿಸುವ" ಆಚಾರವೂ ಇದೇ ಜಾತಿಯದು. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವಂಥದ್ದಲ್ಲ, ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ವರ್ಷವರ್ಷವೂ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬುವವನಿಗೆ ನೀವು ವರ್ಷಾಸನ ಕೊಡುತ್ತಿದ್ದೀರಿ.

ಬಿಡಿಭಾಗವನ್ನು ನೀವೇ ಕೊಳ್ಳಿ. ಇಸ್ತಿಮಾರಾ, ಅಂದರೆ ಗಾಡಿಯ ನೋಂದಣಿ ಕಾರ್ಡಿನಲ್ಲಿ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರ್ ಇದೆ. ಬಿಡಿಭಾಗದ ಅಂಗಡಿಯವನು ಅದನ್ನು ಹಾಕಿ ನಿಮ್ಮ ಕಾರಿಗೆ ಸರಿಹೊಂದುವ ಭಾಗದ ನಂಬರನ್ನೇ ತೆಗೆದುಕೊಡುತ್ತಾನೆ. ಅಸ್ಲಿ ಎಂದರೆ ಕಂಪನಿಯದು, ತಿಜಾರಿ ಎಂದರೆ ಬೇರೆ ತಯಾರಕರದು, ತಷ್ಲೀಹ್ ಎಂದರೆ ಹಳೆಯದು. ಮೂರಕ್ಕೂ ಮೂರು ಬೆಲೆ. ತಿಜಾರಿ ಕೊಳ್ಳುವುದು ತಪ್ಪಲ್ಲ, ತಷ್ಲೀಹ್ ಕೂಡ ಎಷ್ಟೋ ಬಾರಿ ಬುದ್ಧಿವಂತಿಕೆಯೇ. ಅಸ್ಲಿಯ ಬೆಲೆ ಕೊಟ್ಟು ತಷ್ಲೀಹ್ ಹಾಕಿಸಿಕೊಳ್ಳುವುದು ತಪ್ಪು. ಮೆಕ್ಯಾನಿಕ್ಕಿಗೆ ಕೂಲಿಯನ್ನಷ್ಟೇ ಮಾತಾಡಿ, ಆ ಕೂಲಿಯಲ್ಲಿ ಚೌಕಾಸಿ ಕಡಿಮೆ ಮಾಡಿ. ಇದು ಬಹಳ ಮುಖ್ಯ. ನಮ್ಮವರು ಭಾಗಕ್ಕೆ ಕೇಳಿದಷ್ಟು ಕೊಡುತ್ತಾರೆ, ಬೆವರಿಗೆ ಮಾತ್ರ ಜಗ್ಗುತ್ತಾರೆ. ಐವತ್ತು ಡಿಗ್ರಿಯ ಹತ್ತಿರದ ಬಿಸಿಲಿನಲ್ಲಿ ಕಾದ ಇಂಜಿನ್ ಮೇಲೆ ಬಾಗಿದವನ ಕೂಲಿಯನ್ನು ಎಂಬತ್ತರಿಂದ ಐವತ್ತಕ್ಕೆ ಇಳಿಸಿದರೆ ಅವನು ಆ ಮೂವತ್ತನ್ನು ಬಿಡಿಭಾಗದಲ್ಲಿ ಮುನ್ನೂರು ಮಾಡಿ ತೆಗೆಯುತ್ತಾನೆ. ಹಾಗೆಯೇ ಪರೀಕ್ಷೆಗೆಂದು ಮೇಸ್ತ್ರಿ ಐವತ್ತು ರಿಯಾಲ್ ಕೇಳಿದರೆ ಸಿಡುಕಬೇಡಿ. ನೋಡುವುದಕ್ಕೆ ದುಡ್ಡು ಕೊಡದವನಿಗೆ ಮಾರುವುದರಲ್ಲೇ ದುಡ್ಡು ಹುಟ್ಟಬೇಕಾಗುತ್ತದೆ. ಆ ಪಾಕಿಸ್ತಾನಿ ಮೇಸ್ತ್ರಿ ನನ್ನಿಂದ ಪರೀಕ್ಷೆಗೆ ಬೇರೆ ಹಣ ಕೇಳಲಿಲ್ಲ, ನಾನೇ ಕೊಟ್ಟೆ. ಬಿಲ್ ಕೇಳಿದೆ. ಬರೆದು ಕೊಟ್ಟರು, ಗೋಡೆಯ ಮೇಲೆ ವ್ಯಾಟ್ ಪತ್ರ ಇರಲಿಲ್ಲ, ವ್ಯಾಟನ್ನೂ ಹಾಕಲಿಲ್ಲ.

ಊರಿನಲ್ಲಿ ಕುಳಿತು ಇದನ್ನು ಓದುವವರು ನಗಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ "ಜಿಎಸ್‌ಟಿ ಬಿಲ್ ಬೇಕಾ ಸಾರ್, ಬೇಡ್ವಾ?" ಎಂಬ ಪ್ರಶ್ನೆ ನಿಮಗೂ ಹೊಸದಲ್ಲ. ನೀವು ಕೊಡುವ ಉತ್ತರವೂ ನನ್ನದಕ್ಕಿಂತ ಭಿನ್ನವಲ್ಲ. ಜಿಲ್ಲೆಗೊಂದು ಗ್ರಾಹಕರ ಆಯೋಗ ಇರುವ ನಾಡಿನಲ್ಲಿ ರಸೀದಿ ಇಲ್ಲದೆ ಹೋದವನ ಪಾಡು ಏನೆಂದು ನಿಮಗೇ ಗೊತ್ತು.

ನಮ್ಮ ಅನಿವಾಸಿಗಳ ಕಾಯಿಲೆಗೆ ಇನ್ನೂ ಒಂದು ಬೇರಿದೆ. "ಮುಂದಿನ ವರ್ಷ ಎಕ್ಸಿಟ್, ಸದ್ಯಕ್ಕೆ ಓಡಿದರೆ ಸಾಕು." ಇಪ್ಪತ್ತು ವರ್ಷದಿಂದ ಮುಂದಿನ ವರ್ಷ ಹೋಗುತ್ತಿರುವವರು ನಮ್ಮಲ್ಲಿ ಎಷ್ಟಿಲ್ಲ? ಇಲ್ಲಿ ನಮ್ಮದೆಲ್ಲವೂ ತಾತ್ಕಾಲಿಕ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕಾರಿಗೆ ಸರಿಯಾದ ರಿಪೇರಿ ಮಾಡಿಸುವುದಿಲ್ಲ. ಕೂಲೆಂಟಿನ ಬದಲು ನೀರು, ಟೈರಿನ ಬದಲು ಹಳೆ ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಅದನ್ನು ಬಗ್ಗಿ ಓದಿದವರು ನಮ್ಮಲ್ಲಿ ಕಡಿಮೆ. ಅದೇ ಟೈರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿ ದಮಾಮಿನಿಂದ ಮಕ್ಕಾಕ್ಕೆ ಸುಮಾರು 1,300 ಕಿಲೋಮೀಟರ್ ಹೊರಡುತ್ತೇವೆ, ಮರಳುಗಾಡಿನ ನಡುವೆ, ನಡುಬೇಸಿಗೆಯಲ್ಲಿ. ಆಗ ಇದು ದುಡ್ಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಎಕ್ಸಿಟ್ ನಿಜಕ್ಕೂ ಬಂದ ದಿನ ಏನು ಮಾಡುತ್ತೇವೆ? ಆ ಕಾರನ್ನು ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನಿಗೆ ಮಾರುತ್ತೇವೆ. ಅವನು ಕೇಳುತ್ತಾನೆ: "ಅಣ್ಣ, ಗಾಡಿ ಹೇಗೆ?" ನಾವು ಹೇಳುತ್ತೇವೆ: "ನಮ್ಮೂರವನಿಗೆ ಸುಳ್ಳು ಹೇಳ್ತೇನಾ? ಒಂದೇ ಒಂದು ತೊಂದರೆ ಇಲ್ಲ." ಗೇರ್‌ಬಾಕ್ಸಿನ ಸದ್ದು ಕೇಳಿಸದಿರಲೆಂದು ಪಾಟು ಜೋರಾಗಿ ಹಾಕುತ್ತೇವೆ. ಅವನ ಮೊದಲ ಮೂರು ತಿಂಗಳ ಸಂಬಳ ಸನಾಯಕ್ಕೆ ಹೋಗುತ್ತದೆ. ನನಗೆ ಗುಜರಿ ಕಂಪ್ರೆಸರ್ ಹಾಕಿದವನೂ ಇದನ್ನೇ ಮಾಡಿದ. ಅವನೂ "ನಮ್ಮೂರವನು" ಎಂಬ ಪದವನ್ನೇ ಬಳಸಿದ. ವ್ಯತ್ಯಾಸ ಇಷ್ಟೇ, ಅವನ ಕೈಗೆ ಗ್ರೀಸ್ ಹತ್ತಿತ್ತು.

ಆದ್ದರಿಂದ ನನ್ನ ವಾದ ಇಷ್ಟು. ನಮ್ಮೂರವನು ಎಂಬುದು ಚಹಾ ಕುಡಿಯಲು, ಸಾವಿಗೆ ಹೆಗಲು ಕೊಡಲು, ರಂಜಾನಿಗೂ ದೀಪಾವಳಿಗೂ ಮನೆಗೆ ಕರೆಯಲು ಒಳ್ಳೆಯ ಸಂಬಂಧ. ರಸೀದಿಯ ಬದಲಿಗೆ ಅದನ್ನು ಬಳಸಿದರೆ ರಸೀದಿಯೂ ಹೋಗುತ್ತದೆ, ಸಂಬಂಧವೂ ಹೋಗುತ್ತದೆ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವ ಮಾಡುತ್ತವೆ, ಕ್ರಿಕೆಟ್ ಆಡಿಸುತ್ತವೆ, ಸಂತೋಷ. ಅದರ ಜೊತೆ ಒಂದು ನೋಟ್‌ಬುಕ್ ಇಡಲಿ: ಯಾವ ಕಾರು, ಯಾವ ಕೆಲಸ, ಭಾಗಕ್ಕೆ ಎಷ್ಟು, ಕೂಲಿಗೆ ಎಷ್ಟು. ಹೊಸದಾಗಿ ಬಂದವನಿಗೆ ವೇದಿಕೆಯ ಭಾಷಣಕ್ಕಿಂತ ಆ ಒಂದು ಪುಟ ಹೆಚ್ಚು ಕನ್ನಡ ಸೇವೆ ಮಾಡುತ್ತದೆ.

ಆ ಕ್ಯಾಮ್ರಿಯನ್ನು ನಾನು ಹೋದ ವರ್ಷ ಮಾರಿದೆ. ಕೊಂಡವನು ವಿಟ್ಲದ ಕಡೆಯ ಹುಡುಗ. ಕೀ ಜೊತೆ ಒಂದು ಫೈಲ್ ಕೊಟ್ಟೆ. ಅದರಲ್ಲಿ ಫ್ಯಾನ್ ಮೋಟರಿನ ಬಿಲ್ ಇತ್ತು, ಆಮೇಲಿನ ಎಲ್ಲ ಬಿಲ್ಲುಗಳೂ ಇದ್ದವು. ಕಂಪ್ರೆಸರಿನ ಬಿಲ್ ಇರಲಿಲ್ಲ. ಅದು ಗುಜರಿಯದು, ಎಷ್ಟು ದಿನ ಬರುತ್ತದೋ ಗೊತ್ತಿಲ್ಲ ಎಂದು ಹೇಳಿ 400 ರಿಯಾಲ್ ಕಡಿಮೆ ಮಾಡಿದೆ. ಹುಡುಗ ಸಂಕೋಚದಿಂದ ಹೇಳಿದ: "ಇಷ್ಟೆಲ್ಲ ಕಾಗದ ಯಾಕೆ ಅಣ್ಣ, ನಮ್ಮೊಳಗೆ?" ನಮ್ಮೊಳಗೆ ಎಂಬುದಕ್ಕೇ ಬೇಕು ಎಂದೆ.